ಆ ಗಂಡಸು ಎಲ್ಲಿ?

ಯೋಹಾನನ ಸುವಾರ್ತೆ, 8ನೇ ಅಧ್ಯಾಯ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳು ಅಂತ ಒಬ್ಬ ಹೆಂಗಸನ್ನ ಯೇಸು ಮುಂದೆ ಎಳ್ಕೊಂಡು ಬರ್ತಾರೆ. ಮೋಶೆಯ ಕಾನೂನಲ್ಲಿ ಇಬ್ಬರಿಗೂ ಶಿಕ್ಷೆ. ತಂದದ್ದು ಅವಳೊಬ್ಬಳನ್ನೇ.

ರಾಮನಗರ, ಕನಕಪುರ, ಮಾಗಡಿ ಕಡೆ ರೆಸಾರ್ಟುಗಳಿಗೆ ಶನಿವಾರ ಬೆಂಗಳೂರಿನ ಕಾರುಗಳು ಬರ್ತವೆ. ಎಲ್ಲರೂ ಅದಕ್ಕೇ ಬರ್ತಾರೆ ಅಂತಲ್ಲ. ಆದರೆ ಎಲ್ಲಾದರೂ ರೇಡ್ ಆದರೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡ ಹೆಣ್ಣುಮಕ್ಕಳ ಫೋಟೊ. ಕಾರಲ್ಲಿ ಬಂದವರು? 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ದಲ್ಲಾಳಿಯನ್ನ ಹಿಡಿಯುತ್ತೆ, ಬೀದಿಯಲ್ಲಿ ಗಿರಾಕಿ ಕರೆದವಳನ್ನೂ ಹಿಡಿಯುತ್ತೆ. ಗಿರಾಕಿ ಮೇಲಿನ ಕೇಸನ್ನ ನಮ್ಮ ಹೈಕೋರ್ಟೇ ಹಲವು ಸಲ ರದ್ದು ಮಾಡಿದೆ. ಸ್ವೀಡನ್ 1999ರಲ್ಲೇ ಕೊಳ್ಳುವವನನ್ನ ಅಪರಾಧಿ ಅಂದಿತು.

ನಮ್ಮ ಕೇರಿಗಳಿಗೆ ಇದು ಹೊಸದಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆಯಲ್ಲಿ ಮುತ್ತು ಕಟ್ಟಿದವರಿಗೆ ಶಿಕ್ಷೆ ಇತ್ತು, ಕಟ್ಟಿಸಿದ ಅಪ್ಪ-ಅವ್ವನಿಗೆ ಇನ್ನೂ ಜಾಸ್ತಿ. ರಾತ್ರಿ ಬಂದು ಹೋಗ್ತಿದ್ದ ಧಣಿಯ ಸುದ್ದಿಯೇ ಅದರಲ್ಲಿ ಇರಲಿಲ್ಲ.

ಹಾರೋಬೆಲೆಯ ಕಪಾಲ ಬೆಟ್ಟದಲ್ಲಿ ಯೇಸು ಪ್ರತಿಮೆ ಬೇಕೋ ಬೇಡವೋ ಅಂತ 2019ರ ಕ್ರಿಸ್‌ಮಸ್‌ನಿಂದ ಎಷ್ಟು ಜಗಳ ಆಯ್ತು! ಪ್ರತಿಮೆ ಪರ ನಾನೂ ನಿಂತೆ. ಈಗ ಫಾದರ್‌ಗಳನ್ನ, ಪಾಸ್ಟರ್ ಅಣ್ಣಂದಿರನ್ನ ಒಂದು ಕೇಳ್ತೀನಿ. ಆ ಅಧ್ಯಾಯ ಓದುವಾಗ ಹೆಂಗಸರ ಸಾಲಿನ ಕಡೆ ನೋಡಿ 'ಇನ್ಮೇಲೆ ಪಾಪ ಮಾಡಬೇಡಿ' ಅನ್ನೋದನ್ನ ಬಿಡಿ. ಯೇಸು ಮೊದಲು ಮಾತಾಡಿದ್ದು ಕಲ್ಲು ಹಿಡಿದು ನಿಂತಿದ್ದ ಗಂಡಸರ ಹತ್ರ. ಈ ಭಾನುವಾರ ಆ ಕಡೆ ತಿರುಗಿ ಓದಿ.