ಓರೆ ಕಿಟಕಿ ಮತ್ತು ಒಂದು ಕಣ್ಣು

ಕಿಟಕಿಯ ಆಕಾರ ಯಾವುದು ಎಂದು ಕೇಳಿದರೆ ನೀವೆಲ್ಲ ‘ಆಯತ’ ಎನ್ನುತ್ತೀರಿ. ಸರಿ, ಈಗ ಒಂದು ಕೆಲಸ ಮಾಡಿ. ತರಗತಿಯಲ್ಲಿ ಕಿಟಕಿಯ ಎದುರು ನಿಲ್ಲದೆ, ಬದಿಗೆ ಸರಿದು ಓರೆಯಾಗಿ ಅದನ್ನು ನೋಡಿ. ಒಂದು ಕಣ್ಣು ಮುಚ್ಚಿ, ಕೈ ಚಾಚಿ ಸ್ಕೇಲ್ ಹಿಡಿದು ಕಿಟಕಿಯ ಹತ್ತಿರದ ಅಂಚು ಎಷ್ಟು ಎತ್ತರ ಕಾಣುತ್ತದೆಂದು ಅಳೆಯಿರಿ. ಅನಂತರ ದೂರದ ಅಂಚನ್ನು ಅಳೆಯಿರಿ. ಎರಡೂ ಒಂದೇ ಬಂತೇ? ಬರುವುದಿಲ್ಲ. ನಿಮ್ಮ ಕಣ್ಣೊಳಗೆ ಮೂಡಿದ್ದು ಆಯತವಲ್ಲ, ಒಂದು ಬದಿ ದೊಡ್ಡದು, ಇನ್ನೊಂದು ಬದಿ ಚಿಕ್ಕದಾದ ತ್ರಾಪಿಜ್ಯ. ಆದರೂ ‘ಕಿಟಕಿ ಸೊಟ್ಟಗಿದೆ’ ಎಂದು ನಿಮಗೆ ಅನಿಸಲಿಲ್ಲ. ‘ನಾನು ಓರೆಯಾಗಿ ನೋಡುತ್ತಿದ್ದೇನೆ’ ಎಂದಷ್ಟೇ ಅನಿಸಿತು. ಈ ಲೆಕ್ಕ ಮಾಡಿದವರು ಯಾರು? ನಿಮ್ಮ ಮಿದುಳು!

ನಾನು ಗುರುವಾಯನಕೆರೆ ಪೇಟೆಯಲ್ಲಿ ಫೋಟೋ ಸ್ಟುಡಿಯೋ ನಡೆಸುವವನು. ಮದುವೆ ಆಲ್ಬಮ್ ಮಾಡುವಾಗ ಚಪ್ಪಟೆ ಪುಟದಲ್ಲಿ ಓರೆ ಕಿಟಕಿಯೊಂದನ್ನು ಕೂರಿಸಿ, ಅದರ ಆಚೆಗೆ ಅಡಿಕೆ ತೋಟವೋ ಗಡಾಯಿಕಲ್ಲೋ ಕಾಣುವ ಹಾಗೆ ಮಾಡುವುದು ನನ್ನ ಕೆಲಸಗಳಲ್ಲಿ ಒಂದು. ನೋಡಿದವರು “ಪುಟದಲ್ಲಿ ತೂತು ಮಾಡಿದ ಹಾಗೆ ಉಂಟು” ಎನ್ನುತ್ತಾರೆ. ಇದರಲ್ಲಿ ಮಾಯೆ ಏನೂ ಇಲ್ಲ. ನೀವು ಕಲಿಯುವ ಗಣಿತವೇ ಇರುವುದು.

ವಸ್ತು ಎಷ್ಟು ಪಟ್ಟು ದೂರ ಹೋಗುತ್ತದೋ ಅಷ್ಟೇ ಪಟ್ಟು ಚಿಕ್ಕದಾಗಿ ಕಾಣುತ್ತದೆ. ಕಿಟಕಿಯ ಹತ್ತಿರದ ಅಂಚು ನಿಮ್ಮಿಂದ 2 ಮೀಟರ್, ದೂರದ ಅಂಚು 3 ಮೀಟರ್ ಇದೆ ಎನ್ನೋಣ. ಹತ್ತಿರದ ಅಂಚನ್ನು ಕಾಗದದಲ್ಲಿ 12 ಸೆಂಟಿಮೀಟರ್ ಎತ್ತರಕ್ಕೆ ಬರೆದರೆ ದೂರದ ಅಂಚನ್ನು 8 ಸೆಂಟಿಮೀಟರಿಗೆ ಬರೆಯಬೇಕು. ಎರಡರ ನಡುವೆ 10 ಸೆಂಟಿಮೀಟರ್ ಅಂತರ ಬಿಡಿ. ತುದಿಗಳನ್ನು ಕೂಡಿಸಿದರೆ ತ್ರಾಪಿಜ್ಯ ಸಿದ್ಧ.

ಈಗ ಕಿಟಕಿಯ ನಟ್ಟನಡುವಿನ ಸರಳನ್ನು ಎಲ್ಲಿ ಬರೆಯುತ್ತೀರಿ? 5 ಸೆಂಟಿಮೀಟರಿನಲ್ಲಿ ಬರೆದರೆ ಚಿತ್ರ ಕೆಡುತ್ತದೆ. ತ್ರಾಪಿಜ್ಯದ ಎರಡು ಕರ್ಣಗಳನ್ನು ಎಳೆಯಿರಿ. ಅವು ಕೂಡುವ ಜಾಗದಲ್ಲಿ ಸರಳು ಬರಬೇಕು. ಅಳೆದು ನೋಡಿ: ದೊಡ್ಡ ಬದಿಯಿಂದ 6, ಚಿಕ್ಕ ಬದಿಯಿಂದ 4 ಸೆಂಟಿಮೀಟರ್. ಅಲ್ಲಿ ಸರಳಿನ ಎತ್ತರ 9.6 ಸೆಂಟಿಮೀಟರ್. ನಡುವಿನ ಸರಳು ನಿಮ್ಮಿಂದ ಎರಡೂವರೆ ಮೀಟರ್ ದೂರದಲ್ಲಿದೆಯಲ್ಲವೇ? ಎರಡೂವರೆ ಮೀಟರಿಗೆ ಎಷ್ಟು ಬರಬೇಕೆಂದು ಲೆಕ್ಕ ಹಾಕಿ. ಅದೂ 9.6! ಅಳತೆಯೂ ಲೆಕ್ಕವೂ ಹೀಗೆ ಕೂಡಿಬಂದಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ಕಂಪ್ಯೂಟರ್ ಈ ಲೆಕ್ಕವನ್ನು ಕ್ಷಣದಲ್ಲಿ ಮಾಡುತ್ತದೆ. ಚಿತ್ರ ತಿದ್ದುವ ಗಿಂಪ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಿಟಕಿಯ ಫೋಟೋವನ್ನು ನೇರ ಎದುರಿನಿಂದ ತೆಗೆದು ಅದರಲ್ಲಿ ತೆರೆಯಿರಿ. ‘ಪರ್ಸ್ಪೆಕ್ಟಿವ್’ ಎಂಬ ಸಾಧನವನ್ನು ಆರಿಸಿ ಚಿತ್ರದ ಮೇಲೆ ಒತ್ತಿದರೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಹಿಡಿಕೆಗಳು ಕಾಣುತ್ತವೆ. ಬಲಗಡೆಯ ಮೇಲಿನ ಮೂಲೆಯನ್ನು ಕೆಳಕ್ಕೂ ಕೆಳಗಿನ ಮೂಲೆಯನ್ನು ಅಷ್ಟೇ ಮೇಲಕ್ಕೂ ಎಳೆಯಿರಿ. ಓರೆಯಾಗಿ ನೋಡಿದಾಗ ಅಗಲವೂ ಕಡಿಮೆ ಕಾಣುವುದರಿಂದ ಎರಡನ್ನೂ ಸ್ವಲ್ಪ ಒಳಕ್ಕೆ ತನ್ನಿ. ಸರಳುಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಸರಿಯುತ್ತವೆ. ಕೊನೆಗೆ ಗೋಡೆಯ ದಪ್ಪ. ನಮ್ಮೂರಿನ ಮುರಕಲ್ಲಿನ ಗೋಡೆ ದಪ್ಪವಾಗಿರುತ್ತದೆ. ಎಡದಿಂದ ನೋಡುವವನಿಗೆ ಕಿಟಕಿಯ ಬಲಬದಿಯ ದಪ್ಪ ಮಾತ್ರ ಕಾಣುತ್ತದೆ, ಎಡಬದಿಯದ್ದು ಮರೆಯಾಗುತ್ತದೆ. ಬಲಗಡೆ ಒಂದು ತೆಳು ಪಟ್ಟಿ ಬರೆದು ಬಣ್ಣ ತುಂಬಿದರೆ ಕಾಗದದಲ್ಲಿ ನಿಜವಾದ ಕಂಡಿ ಬಿದ್ದಂತೆ ತೋರುತ್ತದೆ.

ಈ ಕೆಲಸ ನನಗೆ ಬೇಗ ಒಲಿಯಲು ಒಂದು ಕಾರಣವಿದೆ. ನನಗೆ ಎಡಗಣ್ಣು ಸರಿಯಾಗಿ ಕಾಣುವುದಿಲ್ಲ. ಹುಟ್ಟಿದಂದಿನಿಂದ ಹಾಗೆಯೇ ಇದ್ದುದರಿಂದ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ತಿಳಿದಿದ್ದೆ. ಚೆಂಡು ಕೈಗೆ ಸಿಗುವ ಮೊದಲೇ ನನ್ನ ಕೈ ಮುಚ್ಚಿಕೊಳ್ಳುತ್ತಿತ್ತು. ‘ಇವನಿಗೆ ಗಮನವಿಲ್ಲ’ ಎಂದು ಆಟಕ್ಕೆ ಸೇರಿಸುತ್ತಿರಲಿಲ್ಲ. ಏಳನೆಯ ತರಗತಿಯಲ್ಲಿ ಕಣ್ಣಿನ ತಪಾಸಣೆಗೆ ಬಂದ ವೈದ್ಯರು ಬಲಗಣ್ಣು ಮುಚ್ಚಿಸಿದಾಗ ಗೋಡೆಯ ಮೇಲಿನ ಅಕ್ಷರಗಳೆಲ್ಲ ಮಾಯವಾದವು. “ನಾಲ್ಕೈದು ವರ್ಷದವನಿದ್ದಾಗ ಗೊತ್ತಾಗಿದ್ದರೆ ಚೆನ್ನಾಗಿತ್ತು” ಎಂದರು ಅವರು.

ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಎರಡಕ್ಕೂ ಕಾಣುವ ಚಿತ್ರಗಳಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಮಿದುಳು ಆ ವ್ಯತ್ಯಾಸದಿಂದ ದೂರವನ್ನು ತಿಳಿಯುತ್ತದೆ. ಒಂದು ಕಣ್ಣು ಮುಚ್ಚಿ, ಎರಡು ಕೈಗಳಲ್ಲಿ ಹಿಡಿದ ಎರಡು ಪೆನ್ಸಿಲುಗಳ ಮೊನೆಗಳನ್ನು ಬದಿಯಿಂದ ತಂದು ತಾಗಿಸಲು ನೋಡಿ. ಎಷ್ಟು ಕಷ್ಟವೆಂದು ತಿಳಿಯುತ್ತದೆ. ಹಾಗಾದರೆ ನನ್ನಂಥವರು ಬಸ್ಸು ಹತ್ತುವುದು, ಲೋಟಕ್ಕೆ ಚಹಾ ಹೊಯ್ಯುವುದು ಹೇಗೆ? ಬೇರೆ ಸುಳಿವುಗಳಿವೆ. ದೂರದ್ದು ಚಿಕ್ಕದು. ಮುಂದಿನ ಮರ ಹಿಂದಿನ ಮರವನ್ನು ಮರೆಮಾಡುತ್ತದೆ. ತಲೆ ಅಲ್ಲಾಡಿಸಿದರೆ ಹತ್ತಿರದ ವಸ್ತು ಹೆಚ್ಚು ಸರಿಯುತ್ತದೆ. ಓರೆ ಕಿಟಕಿಯ ಸುಳಿವೂ ಇವುಗಳಲ್ಲಿ ಒಂದು. ನಿಮಗೆ ಅದು ಆಟ, ನನಗೆ ದಿನದ ಅಗತ್ಯ.

ಈ ಸುಳಿವಿನ ಗಣಿತ ಸುಮಾರು 600 ವರ್ಷ ಹಳೆಯದು. ನಮ್ಮಿಂದ ವೇಣೂರು ದಾಟಿ ಹೋದರೆ ಮೂಡುಬಿದಿರೆ ಸಿಗುತ್ತದೆ. ಅಲ್ಲಿಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅದರ ಕಂಬಗಳ ಸಾಲಿನ ತುದಿಯಲ್ಲಿ ನಿಂತು ನೋಡಿದರೆ ಕಂಬಗಳು ಹೋಗುತ್ತ ಹೋಗುತ್ತ ಗಿಡ್ಡವಾದಂತೆ ಕಾಣುತ್ತವೆ. ಅದೇ ಕಾಲಕ್ಕೆ ಇಟಲಿಯ ಫ್ಲಾರೆನ್ಸಿನಲ್ಲಿ ಈ ‘ಗಿಡ್ಡವಾಗುವಿಕೆ’ಯನ್ನು ಲೆಕ್ಕಕ್ಕೆ ತರುವ ಕೆಲಸ ನಡೆದಿತ್ತು. ಬ್ರುನೆಲ್ಲೆಸ್ಕಿ ಎಂಬ ಶಿಲ್ಪಿ ಎಂಟು ಮೂಲೆಗಳ ಕಟ್ಟಡವೊಂದರ ಚಿತ್ರ ಬರೆದು, ಹಲಗೆಗೆ ಸಣ್ಣ ತೂತು ಕೊರೆದ. ನೋಡುವವರು ಹಲಗೆಯ ಹಿಂದಿನಿಂದ ಆ ತೂತಿಗೆ ಒಂದು ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರವನ್ನು ನೋಡಬೇಕಿತ್ತು. ಕಟ್ಟಡವೇ ಎದುರಿಗಿದ್ದಂತೆ ತೋರುತ್ತಿತ್ತು. 1435ರಲ್ಲಿ ಆಲ್ಬರ್ಟಿ ಎಂಬುವನು ಈ ವಿಧಾನವನ್ನು ಪುಸ್ತಕದಲ್ಲಿ ಬರೆದ. ಚಿತ್ರವನ್ನು ಆತ ಹೋಲಿಸಿದ್ದು ತೆರೆದ ಕಿಟಕಿಗೆ!

ಒಂದೇ ಕಣ್ಣು ಏಕೆ? ಎರಡೂ ಕಣ್ಣು ತೆರೆದರೆ ಅವುಗಳ ನಡುವಿನ ವ್ಯತ್ಯಾಸವೇ ‘ಇದು ಚಪ್ಪಟೆ’ ಎಂದು ಹೇಳಿಬಿಡುತ್ತದೆ. ಒಂದನ್ನು ಮುಚ್ಚಿದರೆ ಚಾಡಿ ಹೇಳುವವರಿಲ್ಲ.

ಇದನ್ನು ತೋರಿಸಲೆಂದು ಹತ್ತಿರದ ಶಾಲೆಯೊಂದಕ್ಕೆ ಹೋಗಿದ್ದೆ. ಓರೆ ಕಿಟಕಿಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದೆವು. ಮಕ್ಕಳು ಕಾಗದವನ್ನು ಕೊಳವೆಯಂತೆ ಸುತ್ತಿ, ಚಿತ್ರದ ಅಂಚು ಕಾಣದ ಹಾಗೆ ಒಂದು ಕಣ್ಣಿನಿಂದ ನೋಡಿದರು. “ಹೋ, ಗೋಡೆ ಒಳಗೆ ಹೋಯ್ತು!” ಎಂದು ಗದ್ದಲವೋ ಗದ್ದಲ. “ಈಗ ಇನ್ನೊಂದು ಕಣ್ಣಿನಿಂದ ನೋಡಿ” ಎಂದೆ. ಮತ್ತೆ ಅದೇ ಗದ್ದಲ. ಮೂರನೆಯ ತರಗತಿಯ ಒಬ್ಬಳು ಹುಡುಗಿ ಮಾತ್ರ ಸುಮ್ಮನಿದ್ದಳು. ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಸರ್, ನನ್ನ ಕೊಳವೆ ಹಾಳಾಗಿದೆ. ಈ ಕಣ್ಣಿಗೆ ಇಟ್ಟರೆ ಕಿಟಕಿಯೇ ಕಾಣುದಿಲ್ಲ” ಎಂದಳು. ನನ್ನ ಕೊಳವೆಯನ್ನು ಕೊಟ್ಟೆ. ಅದರಲ್ಲೂ ಕಾಣಲಿಲ್ಲ.

ಟೀಚರ್ ಆ ದಿನವೇ ಮನೆಯವರಿಗೆ ತಿಳಿಸಿದರು. ಕಣ್ಣಿನ ವೈದ್ಯರು ಪರೀಕ್ಷಿಸಿದಾಗ ಒಂದು ಕಣ್ಣಿಗೆ ಹೆಚ್ಚು ಪವರಿನ ಕನ್ನಡಕ ಬೇಕಿತ್ತೆಂದು ತಿಳಿಯಿತು. ಒಂದು ಕಣ್ಣಿನ ಚಿತ್ರ ಮಸುಕಾಗಿದ್ದರೆ, ಬೆಳೆಯುವ ವಯಸ್ಸಿನ ಮಿದುಳು ಅದನ್ನು ಬದಿಗಿಟ್ಟು ಒಳ್ಳೆಯ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಇದನ್ನು ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಸೋಮಾರಿತನ ಕಣ್ಣಿನದ್ದೂ ಅಲ್ಲ, ಮಗುವಿನದ್ದೂ ಅಲ್ಲ. ಎಳೆಯ ಮರಿಗಳ ಒಂದು ಕಣ್ಣನ್ನು ಮುಚ್ಚಿಟ್ಟರೆ ಮಿದುಳಿನಲ್ಲಿ ಆ ಕಣ್ಣಿನ ಪಾಲು ಕುಗ್ಗುತ್ತದೆಂದು ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕುಗಳಲ್ಲಿ ಕಂಡುಕೊಂಡರು. ದೃಷ್ಟಿಯ ಕುರಿತ ಅವರ ಸಂಶೋಧನೆಗೆ 1981ರಲ್ಲಿ ನೊಬೆಲ್ ಬಹುಮಾನ ಬಂತು.

ಹುಡುಗಿಗೆ ಕನ್ನಡಕ ಕೊಟ್ಟರು. ದಿನವೂ ಕೆಲವು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ, ಇನ್ನೊಂದು ಕಣ್ಣಿಗೆ ಕೆಲಸ ಕೊಡಲು ಹೇಳಿದರು. ಮೊದಮೊದಲು ಅವಳು ಪಟ್ಟಿಯನ್ನು ಕಿತ್ತೆಸೆಯುತ್ತಿದ್ದಳಂತೆ. ಮರುವರ್ಷ ಹೋದಾಗ ಆ ಕಣ್ಣಿನಿಂದಲೇ ಕಿಟಕಿಯ ಸರಳುಗಳನ್ನು ಎಣಿಸಿ ಹೇಳಿದಳು. ಇನ್ನೂ ಸ್ವಲ್ಪ ಮಸುಕು ಇದೆ, ಚಿಕಿತ್ಸೆ ನಡೆದಿದೆ. ಏಳು ವರ್ಷದೊಳಗೆ ತಿಳಿದರೆ ಈ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನ. ಅದಕ್ಕಿಂತ ದೊಡ್ಡ ಮಕ್ಕಳಿಗೂ ಸುಧಾರಣೆ ಸಾಧ್ಯ, ಆದ್ದರಿಂದ ‘ತಡವಾಯಿತು’ ಎಂದು ಕೈಬಿಡಬಾರದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದ ಮೇಲೆ ಆರೋಗ್ಯ ತಂಡಗಳು ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಆ ದಿನ ಯಾರೂ ಶಾಲೆ ತಪ್ಪಿಸಬೇಡಿ. ಶಿಕ್ಷಕರು ಕಾಯಬೇಕಾಗಿಯೂ ಇಲ್ಲ. ಕಂಪ್ಯೂಟರ್ ಇಲ್ಲದಿದ್ದರೆ 12, 8, 10ರ ಅಳತೆಗಳನ್ನು ಐದು ಪಟ್ಟು ಹೆಚ್ಚಿಸಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಿಟಕಿ ಬರೆಯಿರಿ. ಗೋಡೆಗೆ ಅಂಟಿಸಿ ಮಕ್ಕಳಿಗೆ ಕೊಳವೆ ಕೊಡಿ. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಯಾವ ಮಗುವಾದರೂ ‘ಈ ಕಣ್ಣಿಗೆ ಬೇರೆ ಥರ ಕಾಣುತ್ತದೆ’ ಎಂದರೆ ಅದನ್ನು ಬರೆದಿಟ್ಟುಕೊಂಡು, ಮನೆಯವರಿಗೆ ತಿಳಿಸಿ ಕಣ್ಣಿನ ವೈದ್ಯರ ಬಳಿಗೆ ಕಳುಹಿಸಿ.