ಹುಟ್ಟುಗುಣ, ಮೈತೂಕ, ಮತ್ತೆ ಒಂದು ಮೊಟ್ಟೆ

ಲೆಕ್ಕದಲ್ಲಿ ಹಿಂದುಳಿದ ಹುಡುಗನ ಮಾತು ಬಂದರೆ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು "ಹುಟ್ಟುಗುಣ ಸುಟ್ಟರೂ ಹೋಗಲ್ಲ ಬಿಡಿ ಮಿಸ್" ಅಂದುಬಿಡ್ತಾರೆ. ಅದೇ ಬಾಯಲ್ಲಿ ದಪ್ಪಗಿರುವ ಹುಡುಗಿಯ ಬಗ್ಗೆ "ಸ್ವಲ್ಪ ಬಾಯಿ ಕಟ್ಟಿದ್ರೆ ಮೈ ತಾನಾಗಿ ಇಳಿಯುತ್ತೆ" ಅಂತಾರೆ. ಅಂದರೆ ಲೆಕ್ಕ ಕಲಿಯೋದು ಆಗದ ಕೆಲಸ, ಮೈ ಇಳಿಸೋದು ಸುಲಭದ ಕೆಲಸ! ನನಗಂತೂ ಇದು ತಲೆಕೆಳಗಾದ ಮಾತು ಅನ್ನಿಸುತ್ತೆ.

ನನ್ನ ತರಗತಿಯ ಒಬ್ಬಳು ಹುಡುಗಿಯ ವಿಷಯ ಹೇಳ್ತೀನಿ. ಏಳನೇ ಕ್ಲಾಸು. ಒಮ್ಮೆ ಮಕ್ಕಳ ತೂಕ ನೋಡುವಾಗ ಅವಳದು ಎಷ್ಟು ಕಿಲೋ ಅಂತ ಯಾರೋ ಜೋರಾಗಿ ಓದಿಬಿಟ್ಟರು. ಅವತ್ತಿನಿಂದ ಆ ಅಂಕಿಯೇ ಅವಳ ಹೆಸರಾಯ್ತು. ಮಧ್ಯಾಹ್ನ ಸತ್ತುಣವಿನಲ್ಲಿ ಕೊಡುವ ಮೊಟ್ಟೆಯನ್ನು ಪಕ್ಕದವಳ ತಟ್ಟೆಗೆ ಹಾಕೋಳು, ಖೋಖೋ ಅಂದರೆ ಹೊಟ್ಟೆನೋವು ಅನ್ನೋಳು. ಅವರಮ್ಮನನ್ನು ಕರೆಸಿದರೆ, "ನಮ್ಮ ವಂಶವೇ ಹಿಂಗೆ ಮಿಸ್, ಏನ್ ಮಾಡಿದ್ರೂ ಅಷ್ಟೇ" ಅಂದರು. ಕ್ಲಾಸಿನವರ ತೀರ್ಪು ಬೇರೆ: "ತಿಂದು ತಿಂದು ಆಗಿರೋದು." ಒಬ್ಬರು ಆಗಲ್ಲ ಅಂದರು, ಇನ್ನೊಬ್ಬರು ನಿನ್ನದೇ ತಪ್ಪು ಅಂದರು. ಎರಡನ್ನೂ ಕೇಳಿದ ಮಗು ಆಟ ಬಿಟ್ಟಿತು.

ಅಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ. ಆಲ್ಬರ್ಟ್ ಸ್ಟಂಕಾರ್ಡ್ ಎಂಬ ವೈದ್ಯರು ಮತ್ತು ಜೊತೆಗಾರರು ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಜನರನ್ನು ನೋಡಿ 1986ರಲ್ಲಿ ಬರೆದರು: ಅವರ ತೂಕ ಹೆತ್ತವರ ತೂಕಕ್ಕೆ ಹೊಂದುತ್ತಿತ್ತು, ಸಾಕಿದವರದಕ್ಕೆ ಹೊಂದುತ್ತಿರಲಿಲ್ಲ. ಹಾಗಂತ ಎಲ್ಲಾ ವಂಶದ್ದೇ ಅನ್ನೋಕೂ ಆಗಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ತಮಿಳುನಾಡಿನ 15ರಿಂದ 49 ವರ್ಷದ ಹೆಂಗಸರಲ್ಲಿ ತೂಕ ಹೆಚ್ಚಿದ್ದವರು 2015-16ರಲ್ಲಿ ಶೇ. 30.9, 2019-21ರಲ್ಲಿ ಶೇ. 40.4. ಅಷ್ಟರಲ್ಲಿ ವಂಶ ಬದಲಾಗುತ್ತಾ? ಬದಲಾಗಿದ್ದು ಊಟ, ಕೆಲಸ, ಓಡಾಟ. ತಳಿ, ದೇಂಕಣಿಕೋಟೆ ಕಡೆ ರಾಗಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತವರ ಮಕ್ಕಳು ಈಗ ಕಂಪನಿ ಬಸ್ಸು ಹತ್ತಿ ಹೊಸೂರಿನ ಸಿಪ್ಕಾಟಿಗೆ ಹೋಗ್ತಾರೆ. ಇದರಲ್ಲಿ ಏಳನೇ ಕ್ಲಾಸಿನ ಹುಡುಗಿಯ ಕೈಯಲ್ಲಿ ಇರೋದು ಎಷ್ಟು?

ಹಾಗಾದರೆ "ತಪ್ಪು ನಿನ್ನದಲ್ಲ" ಅಂತ ಹೇಳಿ ಸುಮ್ಮನಾದರೆ ಸಾಕಾ? ಅಮೆರಿಕದ ವೈದ್ಯರ ಸಂಘ 2013ರಲ್ಲಿ ಬೊಜ್ಜನ್ನು ಕಾಯಿಲೆ ಅಂತ ಘೋಷಿಸಿತು. ಮರುವರ್ಷ ಕ್ರಿಸ್ಟಲ್ ಹಾಯ್ಟ್, ಜೆನಿ ಬರ್ನೆಟ್ ಮುಂತಾದ ಮನಶ್ಶಾಸ್ತ್ರಜ್ಞರು ಇಂಥ ಸುದ್ದಿಯನ್ನು ಜನರಿಗೆ ಓದಿಸಿ ನೋಡಿದರು. ಬೊಜ್ಜಿದ್ದವರಿಗೆ ತಮ್ಮ ಮೈ ಬಗ್ಗೆ ಇದ್ದ ಬೇಸರ ಕಡಿಮೆಯಾಯ್ತು. ಜೊತೆಗೆ ತೂಕದ ಕಾಳಜಿಯೂ ಕಡಿಮೆಯಾಗಿ ಹೆಚ್ಚು ಕ್ಯಾಲೊರಿಯ ತಿಂಡಿ ಆರಿಸಿಕೊಂಡರು. ತೂಕ ಬದಲಿಸಬಹುದು ಅನ್ನೋ ಮಾತು ನನ್ನಿಂದ ಆಗುತ್ತೆ ಅನ್ನೋ ಧೈರ್ಯ ಕೊಡುತ್ತೆ, ಆದರೆ ಹಿಂದೆಯೇ ನಿಂದನೆಯನ್ನೂ ಕರೆತರುತ್ತೆ ಅಂತಲೂ ಇದೇ ಸಂಶೋಧಕರು ಮುಂದೆ ತೋರಿಸಿದರು.

ಅದಕ್ಕೇ ನಾನು ತೂಕದ ಮಾತನ್ನೇ ಬಿಟ್ಟು, ಅವಳ ಕೈಯಲ್ಲಿರೋದನ್ನು ಹಿಡಿದುಕೊಂಡೆ. ಅಮ್ಮನಿಗೆ, "ಮೈಕಟ್ಟು ನಿಮ್ಮ ವಂಶದ್ದೇ ಇರಲಿ, ಓಡೋ ದಮ್ಮು ಅಭ್ಯಾಸದಿಂದ ಬರುತ್ತಮ್ಮ. ಬೆಳೆಯೋ ಮಗು ಊಟ ಬಿಡಬಾರದು" ಅಂದೆ. ಕ್ಲಾಸಿನಲ್ಲಿ ಅಂಕಿ ಹೇಳಿ ಕರೆಯೋದನ್ನು ನಿಲ್ಲಿಸಿದೆ (ವಾರ ಹಿಡಿಯಿತು, ಗಂಡುಹುಡುಗರು ಸುಲಭಕ್ಕೆ ಬಿಡ್ತಾರಾ!). ಈಗ ತೂಕದ ಯಂತ್ರ ಹೆಡ್‌ಮಾಸ್ಟರ್ ರೂಮಿನಲ್ಲಿದೆ. ಒಬ್ಬೊಬ್ಬರೇ ಒಳಗೆ ಹೋಗಬೇಕು, ಅಂಕಿ ರಿಜಿಸ್ಟರಿಗೆ ಮಾತ್ರ.

ಅವಳ ತೂಕ ಇಳಿದಿದೆಯಾ ಅಂತ ಕೇಳಬೇಡಿ, ನಾನು ನೋಡಿಲ್ಲ. ಖೋಖೋಗೆ ಮತ್ತೆ ಬಂದ ಮೊದಮೊದಲು ಸ್ವಲ್ಪ ಓಡಿ ಕೂತುಬಿಡ್ತಿದ್ದಳು, ಈಗ ಆಟ ಮುಗಿಯೋವರೆಗೂ ಇರ್ತಾಳೆ. ಮೊಟ್ಟೆ ಮಾತ್ರ ಯಾರಿಗೂ ಕೊಡ್ತಿಲ್ಲ.