ಸೋತದ್ದು ನಮ್ಮ ತಂಡ

ದುಡಿಯಲು ಬಂದ ನಮಗೆ ಆಟವೆಂದರೆ ಶಾರ್ಜಾದ ಕ್ರಿಕೆಟ್; ಫುಟ್‌ಬಾಲ್ ಅಷ್ಟಕ್ಕಷ್ಟೆ. ಆದರೆ 1990ರಲ್ಲಿ ಎಮಿರೇಟ್ಸ್ ತಂಡ ಇಟಲಿಯ ವಿಶ್ವಕಪ್ಪಿಗೆ ಹೋದಾಗ ದುಬೈ, ಅಬುಧಾಬಿಯ ನಾವೂ ಟೀವಿ ಮುಂದೆ ಕುಳಿತೆವು. ಆಡಿದ 3 ಪಂದ್ಯಗಳಲ್ಲೂ ಸೋಲು. ಬಿಟ್ಟುಕೊಟ್ಟದ್ದು 11 ಗೋಲು, ಹೊಡೆದದ್ದು ಎರಡೇ. ಆದರೂ, ಆ ಸಲ ಕಪ್ ಗೆದ್ದ ಪಶ್ಚಿಮ ಜರ್ಮನಿಯ ಎದುರು ಖಾಲಿದ್ ಇಸ್ಮಾಯಿಲ್ ಗೋಲು ಹೊಡೆದಾಗ ನಾವೂ ಕುಣಿದೆವು.

1996ರ ಡಿಸೆಂಬರಿನಲ್ಲಿ ಏಷ್ಯಾ ಕಪ್ ಫೈನಲ್ ಅಬುಧಾಬಿಯಲ್ಲೇ ನಡೆಯಿತು. ಸೌದಿ ಎದುರು ಪೆನಾಲ್ಟಿಯಲ್ಲಿ ಸೋತಾಗ, ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಅತ್ತುಬಿಟ್ಟರು. ಅವರ ಪಾಸ್‌ಪೋರ್ಟ್ ಭಾರತದ್ದು, ವೀಸಾ ಅಪ್ಪನ ನೌಕರಿ ಇರುವ ತನಕದ್ದು. ಆದರೂ "ನಮ್ಮ ತಂಡ ಸೋತಿತು" ಎಂದ ಮಕ್ಕಳನ್ನು ತಿದ್ದಲು ನಮಗೆ ಮನಸ್ಸಾಗಲಿಲ್ಲ. ಹುಟ್ಟೂರಿನ ಋಣದಂತೆ ಅನ್ನ ಕೊಟ್ಟ ನೆಲದ ಋಣವೂ ಒಂದಿರುತ್ತದಲ್ಲವೇ?